ಗಣಿತದ ಮೇಡಂ ಅತ್ತದ್ದು

ಬೋರ್ಡ್ ಒರೆಸುವ ಡಸ್ಟರನ್ನು ಗಣಿತದ ಮೇಡಂ ಸ್ವಲ್ಪ ಜೋರಾಗಿಯೇ ಮೇಜಿಗೆ ಬಡಿದರು. ಏಳನೇ 'ಬಿ' ತರಗತಿ ಎಂದಿನಂತೆ ಬಸ್‌ಸ್ಟ್ಯಾಂಡಾಗಿತ್ತು. "ಹತ್ತೊಂಬತ್ತು ವರ್ಷದಿಂದ ಯಾರಿಗೋಸ್ಕರ ಗಂಟಲು ಹರ್ಕೋತಿದೀನಿ ನಾನು?" ಎಂದು ಕೂಗಿದ್ದೇ ತಡ, ಡಸ್ಟರಿನ ಸೀಮೆಸುಣ್ಣದ ಪುಡಿ ಫ್ಯಾನಿನ ಗಾಳಿಗೆ ಎದ್ದು ನೇರ ಕಣ್ಣಿಗೆ ಬಿತ್ತು. ಎರಡೂ ಕಣ್ಣಲ್ಲಿ ಧಾರಾಕಾರ ನೀರು.

ತರಗತಿ ಗಪ್‌ಚುಪ್. ಫ್ಯಾನು ಕಿರಗುಟ್ಟುವ ಸದ್ದು ಆ ಕೋಣೆಯಲ್ಲಿ ಮೇಡಂಗೆ ಮೊದಲ ಬಾರಿ ಕೇಳಿಸಿತು.

"ಮಿಸ್ ಅಳ್ತಿದಾರೆ ಕಣೋ," ಯಾರೋ ಪಿಸುಗುಟ್ಟಿದರು.

'ಇಲ್ಲ, ಧೂಳು' ಅನ್ನಬೇಕೆಂದು ಬಾಯಿ ತೆರೆದವರು, ಅಷ್ಟು ಸೊಗಸಾದ ಮೌನವನ್ನು ಕೆಡಿಸಲು ಮನಸ್ಸಾಗದೆ ಮುಚ್ಚಿಕೊಂಡರು. ಎಡವಟ್ಟಾದದ್ದು ಅಲ್ಲಿಯೇ.

ಬಾಗಿಲಲ್ಲಿ ಹಾದುಹೋಗುತ್ತಿದ್ದ ವಿಜ್ಞಾನದ ಮೇಡಂ ಇದನ್ನು ಕಂಡರು. ಅವರು ಕಂಡರೆ ಊರೇ ಕಂಡ ಹಾಗೆ. ಗಣಿತದ ಮೇಡಂ ಸ್ಟಾಫ್‌ರೂಮಿಗೆ ಕಾಲಿಡುವಷ್ಟರಲ್ಲಿ ಎಲ್ಲರೂ ಸಾವಿನ ಮನೆಗೆ ಬಂದವರಂತೆ ನಿಂತಿದ್ದರು.

"ಯಾವ ಕೋತಿಗಳು ಹೇಳಿ ಮೇಡಂ, ಗ್ರೌಂಡ್ ಹತ್ತು ಸುತ್ತು ಓಡಿಸಿಬಿಡ್ತೀನಿ," ಎಂದರು ಡ್ರಿಲ್ ಮೇಷ್ಟ್ರು.

"ಅಯ್ಯೋ, ಕಣ್ಣಿಗೆ ಧೂಳು ಬಿತ್ತು ಅಷ್ಟೇ."

"ನಮ್ಮ ಮುಂದೆ ಯಾಕ್ರೀ ಮುಚ್ಚಿಡ್ತೀರಾ?" ಎಂದು ವಿಜ್ಞಾನದ ಮೇಡಂ ತಾವೇ ಕಣ್ಣೊರೆಸಿಕೊಂಡರು. "ನಿಮ್ಮನೆಯವರಿಗೆ ಫೋನ್ ಮಾಡಿದೀನಿ. ಬರ್ತಿದಾರೆ."

ಕಾಲು ಗಂಟೆಯಲ್ಲಿ ಗಂಡ ಹೆಲ್ಮೆಟ್ಟನ್ನೂ ತೆಗೆಯದೆ ಓಡಿಬಂದ. "ಬೆಳಿಗ್ಗೆ ಸಾರಿಗೆ ಉಪ್ಪು ಜಾಸ್ತಿ ಅಂದಿದ್ದಕ್ಕಾ? ಸುಮ್ನೆ ಅಂದೆ ಕಣೇ, ಸರಿಯಾಗೇ ಇತ್ತು!"

"ರೀ, ಮೊದಲು ಅದನ್ನ ತಲೆಯಿಂದ ತೆಗೀರಿ," ಎಂದು ಮೇಡಂ ಹಲ್ಲು ಕಚ್ಚಿದರು.

ಅಷ್ಟರಲ್ಲಿ ಹೆಡ್‌ಮಿಸ್ ಕರೆ ಬಂತು. ಕೆಲಸಕ್ಕೇ ಕುತ್ತು ಎಂದುಕೊಂಡು ಮೇಡಂ ಒಳಹೋದರೆ, ಹೆಡ್‌ಮಿಸ್ ಬಾಗಿಲು ಹಾಕಿ, ದನಿ ತಗ್ಗಿಸಿದರು. "ನಾನೂ ಅತ್ತಿದೀನಿ ಕಣಮ್ಮ. ಸ್ಟೋರ್‌ರೂಮಲ್ಲಿ, ಒಡೆದ ಗ್ಲೋಬ್ ಪಕ್ಕ ಕೂತ್ಕೊಂಡು. ಹೇಳಿದ್ದು ಒಂದಾದ್ರೂ ತಲೆಗೆ ಹೋಗ್ತಿದೆಯಾ ಅನ್ನಿಸುತ್ತೆ, ಅಲ್ವಾ?"

ಮೇಡಂ 'ಧೂಳು' ಎನ್ನಲು ಹೋದರು. ಆದರೆ ಆ ಪ್ರಶ್ನೆಯನ್ನು ಹತ್ತೊಂಬತ್ತು ವರ್ಷದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಈ ಸಲ ನಿಜವಾಗಿಯೇ ಗಳಗಳನೆ ಅತ್ತುಬಿಟ್ಟರು. ಹೆಡ್‌ಮಿಸ್ ನೀರಿನ ಬಾಟಲಿಯನ್ನು ಅವರತ್ತ ಸರಿಸಿ ಪಕ್ಕದಲ್ಲಿ ಕೂತರು. ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು.

ಹಗುರಾದ ಮನಸ್ಸಿನಿಂದ, ಮಕ್ಕಳಿಗಾದರೂ ನಿಜ ಹೇಳಿಬಿಡೋಣವೆಂದು ಕೊನೆಯ ಪೀರಿಯಡ್ಡಿಗೆ ಏಳನೇ 'ಬಿ'ಗೆ ಹೋದರು.

"ನೋಡಿ ಮಕ್ಕಳೇ, ಬೆಳಿಗ್ಗೆ ನಾನು ಅತ್ತಿದ್ದಲ್ಲ. ಕಣ್ಣಿಗೆ ಧೂಳು ಬಿದ್ದಿತ್ತು."

"ಗೊತ್ತು ಮಿಸ್," ಎಂದಳು ಲೀಡರ್ ಹುಡುಗಿ ಮೆತ್ತಗೆ. "ನಮ್ಮಮ್ಮನೂ ಹಂಗೇ ಹೇಳ್ತಾರೆ."

ಆ ಹುಡುಗಿ ಸನ್ನೆ ಮಾಡಿದಳು. ಸಾಲುಸಾಲಾಗಿ ಮಕ್ಕಳು ಎದ್ದು ಬಂದು ಮೇಜಿನ ಮೇಲೆ ನೋಟ್‌ಪುಸ್ತಕ ಪೇರಿಸತೊಡಗಿದರು. ಮೇಡಂ ಗಲ್ಲದವರೆಗೆ ಬಂದ ರಾಶಿ ಹಣೆ ದಾಟಿತು.

"ಎರಡು ತಿಂಗಳಿಂದ ಬಾಕಿ ಇದ್ದ ಹೋಮ್‌ವರ್ಕ್ ಪೂರ್ತಿ ಮಾಡಿದೀವಿ ಮಿಸ್. ಊಟಕ್ಕೂ ಎದ್ದಿಲ್ಲ. ಸೋಮವಾರ ವಾಪಸ್ ಕೊಡ್ತೀರಲ್ಲ? ಬರೀ ಟಿಕ್ ಹಾಕ್ಬಾರ್ದು, ಎಲ್ಲಾ ಲೆಕ್ಕಾನೂ ನೋಡ್ಬೇಕು!"

ನಲವತ್ತಾರು ಪುಸ್ತಕ. ವಾರವಿಡೀ ದುಡಿದು, ಭಾನುವಾರ ಕಾಲು ಚಾಚಿ ಮಲಗುವ ಕನಸು ರಾಶಿಯ ಹಿಂದೆ ಮರೆಯಾಯಿತು.

ಗಂಟೆ ಹೊಡೆದು ಮಕ್ಕಳು ಹೋದ ಮೇಲೆ ಮೇಡಂ ಮೇಲಿನ ಪುಸ್ತಕ ತೆರೆದರು. ಮೊದಲ ಲೆಕ್ಕದಲ್ಲೇ ಏಳೆಂಟ್ಲಿ ಐವತ್ನಾಲ್ಕು. ಎರಡನೇ ಪುಸ್ತಕದಲ್ಲೂ ಐವತ್ನಾಲ್ಕು. ಮೂರನೆಯದರಲ್ಲೂ ಅಷ್ಟೇ. ಲೀಡರ್ ಹುಡುಗಿಯದರಲ್ಲಂತೂ ಐವತ್ನಾಲ್ಕರ ಕೆಳಗೆ ಎರಡು ಗೆರೆ.

ಒಂದನ್ನು ನೋಡಿ ಉಳಿದ ನಲವತ್ತೈದೂ ಕಾಪಿ ಹೊಡೆದಿದ್ದವು. ಆದರೂ ನಲವತ್ತಾರೂ ಬಂದಿದ್ದವು! ಮೇಡಂ ಖಾಲಿ ಬೆಂಚುಗಳನ್ನು ನೋಡುತ್ತ ಬಿದ್ದು ಬಿದ್ದು ನಕ್ಕರು. ಆಮೇಲೆ ಕೆಂಪು ಪೆನ್ನಿನ ಮುಚ್ಚಳ ತೆಗೆದರು.