ಇಲ್ಲದ ಮಂಚ

ನಗೆಪಾಟಲಾಗುವುದು ನನ್ನ ಹಣೆಯಲ್ಲೇ ಬರೆದಿರಬೇಕು. ಪುಣೆ ಕ್ಯಾಂಪು ಬಿಟ್ಟು ಯುದ್ಧಕ್ಕೆ ಹೋದರೂ ಅದು ಬೆನ್ನು ಬಿಡಲಿಲ್ಲ. ನಾನು ಪಲಟಣದಲ್ಲಿ ಅಡಿಗೆಯವನು. ಜೊತೆಗೆ ನಮ್ಮ ಓಣಿಯ ದರ್ಜಿಯ ಮಗ, ಸಿಪಾಯಿ. ಉತ್ತರ ಇಟಲಿಯಲ್ಲಿ ಒಂದು ನದಿಯ ಈಚೆ ದಂಡೆಗೆ ನಾವು, ಆಚೆ ದಂಡೆಗೆ ಜರ್ಮನರು. ದಿನಾ ಹೆಣ ಹೊರುವುದೇ ಕೆಲಸ. ನಮ್ಮ ಮುಖ ನೋಡಲಾರದೆ ಸಾಹೇಬರು ಒಂದು ದಿನ, "ಇಲ್ಲಿಯ ಅರಮನೆ, ಉದ್ಯಾನ ನೋಡಿಕೊಂಡು ಬನ್ನಿ, ಮನಸ್ಸು ಹಗುರಾಗುತ್ತದೆ" ಎಂದು ಲಾರಿ ಹತ್ತಿಸಿದರು.

ದರ್ಜಿಯ ಮಗನಿಗೆ ಏನು ಕಂಡರೂ ಒಂದೇ ಮಾತು: "ಇದನ್ನ ನಮ್ಮಪ್ಪಗ ಹೇಳಬೇಕು. ಅವ್ವ ಹೋದಾಗಿಂದ ಅಂವ ನಕ್ಕೇ ಇಲ್ಲ."

ಮಂಚ

ಅರಮನೆಯ ಬಾಗಿಲಲ್ಲಿ ಅಮೃತಶಿಲೆಯ ನೆಲ ಕಂಡು ನಾವೆಲ್ಲ ಬೂಟು ಕಳಚಿಟ್ಟು ಒಳಗೆ ಹೋದೆವು. ಊರಿನ ಅಭ್ಯಾಸ, ಏನು ಮಾಡುವುದು? ತೋರಿಸಲು ಬಂದವನು ಆ ಮನೆಯ ಹಳೆಯ ಆಳು, ಒಬ್ಬ ಮುದುಕ. ಅವನ ಮಾತನ್ನು ನಮ್ಮ ಸುಬೇದಾರರು ತಮಗೆ ತಿಳಿದಷ್ಟು ನಮಗೆ ದಾಟಿಸುತ್ತಿದ್ದರು.

ಒಳಗೆ ನೋಡಿದರೆ ಏನೂ ಇಲ್ಲ! ಜರ್ಮನರು ಎಲ್ಲ ಹೊತ್ತುಕೊಂಡು ಹೋಗಿದ್ದರು. ಮುದುಕ ಮಾತ್ರ ತನ್ನ ಪಾಠ ಬಿಡಲಿಲ್ಲ. ಬರಿ ಗೋಡೆ ತೋರಿಸಿ "ಇದು ದೊಡ್ಡ ದೊರೆಯ ಚಿತ್ರ" ಎಂದ. ಬರಿ ಸೂರು ತೋರಿಸಿ "ಇದು ಗಾಜಿನ ದೀಪದ ಗೊಂಚಲು" ಎಂದ. ನಾವೂ ಕತ್ತೆತ್ತಿ ನೋಡಿ ತಲೆಯಾಡಿಸಿದೆವು. ಇನ್ನೊಂದು ಕೋಣೆಗೆ ಬರುವಷ್ಟರಲ್ಲಿ ಕಾಲು ಸೋತು ನೆಲದ ಮೇಲೆ ಕುಳಿತೆವು. ಮುದುಕ ಕಿರುಚಿದ: "ಏಳಿ! ರಾಣಿಯ ಮಂಚದ ಮೇಲೆ ಕೂತಿದ್ದೀರಿ!"

ಎಲ್ಲರಿಗಿಂತ ಮೊದಲು ಎದ್ದವನು ದರ್ಜಿಯ ಮಗ. "ಏಳ್ರೋ, ಹಳೇ ಮಂಚ, ಮುರದ ಗಿರದೀತು!"

ಬೂಟು

ಹೊರಗೆ ಬಂದರೆ ಅರ್ಧಕ್ಕರ್ಧ ಬೂಟು ಮಾಯ. ಆ ಊರಿನ ಜನ ಚಳಿಯಲ್ಲಿ ಕಾಲಿಗೆ ಚಿಂದಿ ಸುತ್ತಿಕೊಂಡು ತಿರುಗುವುದನ್ನು ಬರುವಾಗಲೇ ಕಂಡಿದ್ದೆವು, ಯಾರನ್ನು ಬೈಯುವುದು? ಸುಬೇದಾರರು ಮಾತ್ರ ಕೆಂಡವಾದರು. ಮುದುಕ ಟೊಪ್ಪಿ ತೆಗೆದು ಬಗ್ಗಿ ವಂದಿಸಿದ.

"ಈ ಯುದ್ಧದಲ್ಲಿ ನಮ್ಮ ಮನೆಗೆ ಬಹಳ ಸೈನಿಕರು ಬಂದರು. ಏನಾದರೂ ಬಿಟ್ಟುಹೋದವರು ನೀವೇ ಮೊದಲು."

ತೋಟ

ಬೂಟು ಹೋದವರು ಕಾಲಿಗೆ ಗೋಣಿತಾಟು ಸುತ್ತಿಕೊಂಡರು. ತೋಟಕ್ಕೆ ನಡೆದೆವು. ಆಳೆತ್ತರದ ಬೇಲಿಗಿಡಗಳನ್ನು ಸುತ್ತುಸುತ್ತಾಗಿ ಬೆಳೆಸಿ, ಒಳಗೆ ಹೋದವರು ದಾರಿ ತಪ್ಪಲೆಂದೇ ಮಾಡಿದ ತೋಟ. ಈಗ ಅದರ ತುಂಬ ನೆಲಬಾಂಬು. ಎರಡು ಬಿಳಿ ಪಟ್ಟಿಗಳ ನಡುವೆ, ಬಾಂಬು ತೆಗೆದ ಒಂದೇ ದಾರಿ. ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆಯಿಟ್ಟು, ಉಸಿರು ಬಿಗಿಹಿಡಿದು ಉದ್ಯಾನ ನೋಡಿದೆವು.

"ಮೊದಲೆಲ್ಲ ಇಲ್ಲಿ ದಾರಿ ತಪ್ಪಿದವರನ್ನು ಹುಡುಕುವಷ್ಟರಲ್ಲಿ ಸಂಜೆಯಾಗುತ್ತಿತ್ತು" ಎಂದ ಮುದುಕ.

ನನ್ನ ಬೆನ್ನ ಹಿಂದಿನಿಂದ ದರ್ಜಿಯ ಮಗನ ದನಿ: "ಈಗ ಚಿಂತಿಲ್ಲ. ಯಾರು ತಪ್ಪಿದರೂ ಊರಿಗೆಲ್ಲ ಕೇಳಸ್ತದ."

ಹಾಸಿಗೆ

ಮುಂದಿನ ವಾರ ಆ ನದಿ ದಾಟುವಾಗ ದರ್ಜಿಯ ಮಗ ಹೋದ. ಹೆಣವೂ ಸಿಗಲಿಲ್ಲ.

ಯುದ್ಧ ಮುಗಿದು ಪುಣೆಗೆ ಬಂದ ಮೇಲೆ ದರ್ಜಿಯ ಮನೆಗೆ ಹೋಗಲು ನನಗೆ ಧೈರ್ಯವೇ ಆಗಲಿಲ್ಲ. ಆದರೆ ಅಪ್ಪನಿಗೆ ಹೇಳಬೇಕೆಂದು ಅವನು ಕೂಡಿಟ್ಟ ಮಾತೆಲ್ಲ ನನ್ನ ಹತ್ತಿರವೇ ಉಳಿದಿತ್ತು. ಕೊನೆಗೊಮ್ಮೆ ಹೋದೆ. ಹೊಲಿಗೆ ಅಂಗಡಿಯ ಹಿಂದೆ ಒಂದೇ ಖೋಲಿ. ನಗಿಸಲೆಂದು ಹೋದವನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ದರ್ಜಿಯೇ ಒಳಗೆ ಕರೆದು ತೋರಿಸತೊಡಗಿದರು. "ಆ ಮೊಳಿಗೆ ಅವನ ಟೊಪ್ಪಿಗಿ." ಮೊಳೆ ಬರಿದು. "ಈ ಮಾಡದಾಗ ಅವನ ಕನ್ನಡಿ." ಗೋಡೆಯ ಮಾಡವೂ ಬರಿದು. ಕಣ್ಣಿಂದ ನೋಡಲಾಗದೆ ಮಗನ ಸಾಮಾನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದರಂತೆ. ನಾನು ಗೋಡೆಗೆ ಒರಗಿ ಕೂರಲು ಹೋದೆ.

"ಅಲ್ಲಿ ಬ್ಯಾಡ ತಮ್ಮಾ! ಅದು ಅವನ ಹಾಸಿಗಿ!"

ನೋಡಿದರೆ ಬರಿ ನೆಲ. ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಮಗ ಸತ್ತ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ! ದರ್ಜಿ ಅಳತೆಗೋಲು ಕೈಗೆತ್ತಿಕೊಂಡರು. "ಕಾಕಾ, ಮೊದಲ ಕೇಳ್ರಿ, ಆಮ್ಯಾಲ ಹೊಡೀರಿ" ಎಂದು ಅರಮನೆ, ಮುದುಕ, ಮಂಚ ಎಲ್ಲ ಒದರಿದೆ.

ಕೋಲು ಎತ್ತಿದ್ದು ಎತ್ತಿದಂತೆಯೇ ಇತ್ತು. "ನನ್ನ ಮಗನಽ ಅಂದನೇನು? ಮುರದ ಗಿರದೀತು ಅಂತ?"

"ಅವನಽ ಅಂದಾ ಕಾಕಾ."

ಅವರ ಭುಜ ಕುಣಿಯತೊಡಗಿತು. ನಗು ಬಂತು, ನಗುವಿನ ಬೆನ್ನಿಗೇ ಅಳು. ಎರಡೂ ಮುಗಿದ ಮೇಲೆ ಅದೇ ಅಳತೆಗೋಲಿನಿಂದ ಆ ನೆಲ ತೋರಿಸಿದರು.

"ಕೂಡ್ರು ತಮ್ಮಾ. ಮುರದರ ಮುರೀಲಿ."