ಪರವಾನಗಿ ಇಲ್ಲದ ಮೀನು

"ಈ ಮನೆಯಲ್ಲಿ ಒಂದೇ ಒಂದು ಮೀನೂ ಸಾಯೋದಿಲ್ಲ, ತಿಳ್ಕೊಳ್ಳಿ" ಎಂದು ಲಿಫ್ಟ್ ಇನ್ಸ್‌ಪೆಕ್ಟರರು ಊಟದ ಮೇಜು ಬಡಿದು ಘೋಷಿಸಿದಾಗ ಆ ಮನೆಯಲ್ಲಿ ಒಂದೇ ಒಂದು ಮೀನೂ ಇರಲಿಲ್ಲ. ಹಾಗಾಗಿ ಯಾರೂ ಎದುರಾಡಲಿಲ್ಲ.

ಊರಿನ ಎತ್ತರದ ಕಟ್ಟಡಗಳಿಗೆಲ್ಲ ಹೋಗಿ, ಲಿಫ್ಟಿನ ತಂತಿಹಗ್ಗ ಎಳೆದು ನೋಡಿ, ಬ್ರೇಕು ಹಾಕಿ ನೋಡಿ, ಸರಿಯಿದ್ದರೆ ಸಹಿ ಮಾಡುವುದು ಅವರ ಕೆಲಸ. "ನನ್ನ ಸಹಿ ಇಲ್ಲದೆ ಈ ಊರಲ್ಲಿ ಯಾರೂ ಮೇಲೆ ಹೋಗೋ ಹಾಗಿಲ್ಲ" ಎನ್ನುವುದು ಅವರ ಮೆಚ್ಚಿನ ಮಾತು. "ನಿಮ್ಮನ್ನ ಕೇಳದೇನೇ ಎಷ್ಟೋ ಜನ ಹೋಗ್ಬಿಟ್ರಲ್ಲ ರೀ" ಎನ್ನುವುದು ಅದಕ್ಕೆ ಹೆಂಡತಿಯ ಮಾಮೂಲಿ ಉತ್ತರ. ಆಕೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದಳು. ದಿನವಿಡೀ ಜನರಿಗೆ ಅಕ್ಷರ ತೋರಿಸಿ ಓದಿಸಿ ಮನೆಗೆ ಬಂದ ಮೇಲೆ ಗಂಡ ಓದಿದ್ದನ್ನೆಲ್ಲ ಕೇಳಿಸಿಕೊಳ್ಳುವ ತಾಳ್ಮೆ ಆಕೆಗೆ ಅಷ್ಟಾಗಿ ಉಳಿಯುತ್ತಿರಲಿಲ್ಲ.

ಇನ್ಸ್‌ಪೆಕ್ಟರರು ಇತ್ತೀಚೆಗೆ ಓದಿದ್ದೆಲ್ಲ ಮೀನಿನ ವಿಷಯವೇ. ಅಕ್ವೇರಿಯಂ ಬಂದು ಹಾಲಿನಲ್ಲಿ, ಸೋಫಾದ ಎದುರಿಗೆ ಪ್ರತಿಷ್ಠಾಪನೆಗೊಂಡಿತ್ತು. ತಳಕ್ಕೆ ಮರಳು, ಎರಡು ಮೂಲೆಗೆ ಗಿಡ, ನಡುವೆ ಕಪ್ಪನೆಯ ಒಂದು ಮರದ ಬೊಡ್ಡೆ. ಫಿಲ್ಟರು ಗುಳುಗುಳು ಎನ್ನುತ್ತಿತ್ತು. ಇಲ್ಲದಿದ್ದದ್ದು ಮೀನು ಮಾತ್ರ.

ಆ ಸೋಫಾ, ಅದರ ಪಕ್ಕದ ಗೋಡೆಯ ಟಿವಿ, ಎರಡೂ ಅತ್ತೆಯವರ ರಾಜ್ಯ. ಮಂಡಿಯ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಗೆ ಬಂದಿದ್ದ ಅವರು ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದವರು. ಜೀವಮಾನವಿಡೀ ಇವರ ಮಾತನ್ನು ಅವರಿಗೆ ಜೋಡಿಸಿಕೊಡುತ್ತ ಕೂತಿದ್ದ ಆಸಾಮಿಗೆ ಈಗ ಜೋಡಿಸಲು ಏನೂ ಉಳಿದಿರಲಿಲ್ಲ.

"ಮೀನು ಯಾವಾಗ ಬರುತ್ತೆ ಅಳಿಯಂದ್ರೇ?"

"ಮೊದಲು ನೀರು ಹಣ್ಣಾಗಬೇಕು ಅತ್ತೆ."

"ನೀರು ಹಣ್ಣಾಗುತ್ತಾ?"

"ಹೊಸ ನೀರಿಗೆ ಮೀನು ಬಿಟ್ರೆ, ಅದರ ಗಲೀಜಿಂದ ಹುಟ್ಟೋ ವಿಷಾನೇ ಅದನ್ನ ಕೊಲ್ಲುತ್ತೆ. ಆ ವಿಷ ತಿನ್ನೋ ಸೂಕ್ಷ್ಮಜೀವಿಗಳು ಮೊದಲು ನೀರಲ್ಲಿ ಬೆಳೀಬೇಕು. ಅದಕ್ಕೆ ವಾರಗಟ್ಟಲೆ ಬೇಕು."

"ಅಂದ್ರೆ ಸದ್ಯಕ್ಕೆ ನೀವು ಸಾಕಿರೋದು ಕಣ್ಣಿಗೆ ಕಾಣದೇ ಇರೋ ಪ್ರಾಣಿ."

"ಹಾಗಂತಲೇ ಇಟ್ಕೊಳ್ಳಿ."

ಅತ್ತೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ತೊಟ್ಟಿಯನ್ನು ದಿಟ್ಟಿಸಿದರು. "ಲಕ್ಷಣವಾಗಿವೆ" ಎಂದರು.

ಇನ್ಸ್‌ಪೆಕ್ಟರರಿಗೆ ಮೈ ಉರಿಯಿತು. ಆದರೆ ಅತ್ತೆ, ಅದೂ ಮಂಡಿನೋವಿನ ಅತ್ತೆ. ಹಲ್ಲು ಕಚ್ಚಿಕೊಂಡು ಸುಮ್ಮನಾದರು.

ಕೆಳಗಿನ ಮನೆಯ ಬ್ಯಾಂಕ್ ಮ್ಯಾನೇಜರ್ರ ವಿಷಯದಲ್ಲಿ ಸುಮ್ಮನಾಗುವ ಅಗತ್ಯವಿರಲಿಲ್ಲ. ಅವರು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, "ಏನ್ ಸಾಹೇಬ್ರೇ, ನೀರು ಸಾಕಿದೀರಂತೆ? ಮರಿ ಹಾಕ್ತಾ?" ಎಂದು ಕೇಳುತ್ತಿದ್ದರು. ಹೀಗೆ ಕೇಳಲು ಆ ಮನುಷ್ಯನಿಗೆ ಯಾವ ಯೋಗ್ಯತೆ ಇತ್ತು? ಅವರ ಮನೆಯಲ್ಲೂ ಒಂದು ತೊಟ್ಟಿ ಇತ್ತು. ತೊಟ್ಟಿಯೇನು, ಧರ್ಮಛತ್ರ. ಬಂದ ಮೀನು ನಾಲ್ಕು ದಿನ ತಂಗಿ ಮುಂದಿನ ಪ್ರಯಾಣ ಬೆಳೆಸುತ್ತಿತ್ತು. "ಅವರ ಮೀನುಗಳು ಹತ್ತೋ ಲಿಫ್ಟಿಗೆ ಇಳಿಯೋ ಬಟನ್ನೇ ಇಲ್ಲ" ಎಂದು ಇನ್ಸ್‌ಪೆಕ್ಟರರು ಹೆಂಡತಿಯ ಬಳಿ ಕಾರಿಕೊಂಡರು. "ಅಂಥವರು ನನ್ನನ್ನ ನೋಡಿ ನಗ್ತಾರೆ. ನಗಲಿ. ನನ್ನ ಮೊದಲ ಮೀನನ್ನ ನೀರಿಗೆ ಬಿಡೋ ದಿನ ಅವರನ್ನೇ ಕರೆದು, ಎದುರಿಗೆ ಕೂರಿಸಿ ತೋರಿಸ್ತೀನಿ."

ಅಲ್ಲಿಂದ ಮುಂದೆ ಆ ಮನೆಯಲ್ಲಿ ವಿಜ್ಞಾನ ನಡೆಯಿತು. ಪಾಚಿ ಕಟ್ಟಬಾರದೆಂದು ತೊಟ್ಟಿಯ ದೀಪ ಹಾಕಕೂಡದು ಎಂಬ ಆಜ್ಞೆ ಹೊರಟಿತು. ಇನ್ಸ್‌ಪೆಕ್ಟರರು ದಿನಾ ಬೆಳಿಗ್ಗೆ ಒಂದು ಚಿಟಿಕೆ ಮೀನಿನ ತಿಂಡಿಯನ್ನು ಖಾಲಿ ನೀರಿಗೆ ಉದುರಿಸುತ್ತಿದ್ದರು. ಅದು ಕೊಳೆತು ವಿಷವಾಗಬೇಕು, ವಿಷ ತಿಂದು ಸೂಕ್ಷ್ಮಜೀವಿಗಳು ಬೆಳೆಯಬೇಕು. ಸಂಜೆ ಗಾಜಿನ ನಳಿಗೆಯಲ್ಲಿ ನೀರು ತೆಗೆದು, ಔಷಧಿಯ ಹನಿ ಹಾಕಿ, ತೊಟ್ಟಿಗೆ ಬೆನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ನೀರು ಮೊದಲು ಹಳದಿ ತೋರಿಸಿತು. ಆಮೇಲೆ ಹಸಿರಾಯಿತು, ವಿಷ ಹುಟ್ಟಿತು ಎಂದು ಹಿಗ್ಗಿದರು. ಇನ್ನೂ ಕೆಲವು ವಾರ ಕಳೆದು ಮತ್ತೆ ಹಳದಿಗೆ ತಿರುಗಿತು. ಪುಸ್ತಕದಲ್ಲಿ ಇದ್ದಂತೆಯೇ, ಒಂದು ಅಕ್ಷರವೂ ಆಚೀಚೆ ಆಗದೆ.

"ಹಾಕಿದ ತಿಂಡಿ ಒಂದು ಚೂರೂ ತಳದಲ್ಲಿ ಕಾಣ್ತಿಲ್ಲ, ನೋಡಿದ್ಯಾ? ನೀರೇ ಜೀರ್ಣ ಮಾಡ್ಕೊಂಡಿದೆ" ಎಂದು ಅವರು ಹೆಂಡತಿಯನ್ನು ಕರೆದು ತೋರಿಸಿದರು.

"ಒಳ್ಳೆ ಹೊಟ್ಟೆ ಅದಕ್ಕೆ" ಎಂದಳು ಆಕೆ. ಅತ್ತೆಗೆ ಅದೇ ಹೊತ್ತಿಗೆ ಕೆಮ್ಮು ಬಂತು.

ನೀರು ಪಾಸಾದ ಮೇಲೆ ಮೊದಲ ಮೀನಿನ ಆಯ್ಕೆ. ಭಾನುವಾರ ಗಂಡ ಹೆಂಡತಿ ಮೀನಿನಂಗಡಿಗೆ ಹೋದರು. ಇನ್ಸ್‌ಪೆಕ್ಟರರು ಕಿತ್ತಳೆ ಬಣ್ಣದ ಪ್ಲಾಟಿ ಮೀನುಗಳ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಲ, ರೆಕ್ಕೆ, ಉಸಿರಾಟ, ನಡತೆ ಎಲ್ಲವನ್ನೂ ಪರೀಕ್ಷಿಸಿದರು. ಕೊನೆಗೆ ಒಂದರ ಮೇಲೆ ಕಣ್ಣು ನಿಂತಿತು.

"ಅದು. ಆ ಗಿಡದ ಪಕ್ಕದ್ದು. ಅಲ್ಲ, ಈಗ ಇತ್ತಲ್ಲ, ಅದರ ಹಿಂದಿನದು. ಅಯ್ಯೋ, ತಿರುಗಿಬಿಡ್ತು, ನೋಡಿ ಅದು."

ಅಂಗಡಿಯವನು ಬಲೆ ಅದ್ದಿ ಒಂದನ್ನು ಎತ್ತಿದ.

"ಇದಲ್ಲ ಕಣಪ್ಪಾ."

"ಇದೇ ಸಾರ್."

"ನಾನು ಹೇಳಿದ್ದಕ್ಕೆ ಬಾಲದ ಹತ್ರ ಚುಕ್ಕೆ ಇತ್ತು."

"ಎಲ್ಲಕ್ಕೂ ಇದೆ ಸಾರ್."

"ಅದು ನನ್ನನ್ನೇ ನೋಡ್ತಿತ್ತು."

"ಹಸಿವಾದ್ರೆ ಎಲ್ಲಾನೂ ನೋಡ್ತವೆ ಸಾರ್."

ಗಿರಾಕಿಯ ಆಯ್ಕೆಗೆ ಮರ್ಯಾದೆ ಇಲ್ಲವೇ ಎಂದು ಇನ್ಸ್‌ಪೆಕ್ಟರರ ದನಿ ಏರಿತು. ಬಲೆ ಮತ್ತೆ ಮತ್ತೆ ಮುಳುಗಿತು, ಎದ್ದಿತು. ಹೆಂಡತಿ ಗೋಡೆಗೆ ಒರಗಿ ನಿಂತು, "ನಿಮ್ಮನ್ನ ಒಪ್ಕೊಳ್ಳೋಕೆ ನಾನು ಇದರಲ್ಲಿ ಅರ್ಧ ಹೊತ್ತೂ ತಗೊಂಡಿರಲಿಲ್ಲ" ಎಂದಳು.

"ಆತುರ ಮಾಡಿದ್ರೆ ಎಡವಟ್ಟಾಗುತ್ತೆ."

"ಅದನ್ನೇ ಹೇಳ್ತಿರೋದು ನಾನೂ."

ಅಂತೂ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಆಯ್ಕೆಯಾದ ಅಭ್ಯರ್ಥಿ ಮನೆಗೆ ಬಂದ. ಕೆಳಗಿನಿಂದ ಮ್ಯಾನೇಜರ್ರು ಬಂದರು. ಅವರ ಹೆಂಡತಿಯೂ ಬಂದರು, ಯಾಕೋ ಬಾಗಿಲ ಬಳಿಯೇ ನಿಂತುಕೊಂಡರು. ಅತ್ತೆ ಸೋಫಾದಲ್ಲಿದ್ದರು. ಇನ್ಸ್‌ಪೆಕ್ಟರರು ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಗಂಟು ಬಿಚ್ಚಿ, ಚಮಚದಲ್ಲಿ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಅದರೊಳಗೆ ಸೇರಿಸುತ್ತ ಭಾಷಣ ಶುರು ಮಾಡಿದರು.

"ನೋಡಿ ಮ್ಯಾನೇಜರ್ರೇ, ನೀವು ಮಾಡೋ ಹಾಗೆ ಧೊಪ್ ಅಂತ ಸುರಿಯೋದಲ್ಲ. ಮೀನಿಗೆ ಹೊಸ ನೀರು ಒಗ್ಗಬೇಕು. ಈ ನೀರಿಗೆ ಇವತ್ತಿನವರೆಗೆ ಒಂದು ಜೀವವೂ ಇಳಿದಿಲ್ಲ. ಇದು ಪರಿಶುದ್ಧ, ಇದು ಪರೀಕ್ಷಿತ" ಎನ್ನುತ್ತ ಮೊಟ್ಟಮೊದಲ ಬಾರಿಗೆ ತೊಟ್ಟಿಯ ದೀಪ ಹಾಕಿದರು.

ಕಪ್ಪು ಬೊಡ್ಡೆಯ ಒಂದು ತುಂಡು ಬೊಡ್ಡೆಯಿಂದ ಬೇರೆಯಾಯಿತು. ಬೇರೆಯಾಗಿ, ಬಾಲ ಆಡಿಸಿ, ನೇರವಾಗಿ ಮೇಲೆ ಬಂದು, ತೇಲುತ್ತಿದ್ದ ಚೀಲವನ್ನು ಮೂತಿಯಿಂದ ಒಮ್ಮೆ ತಿವಿದು ನೋಡಿತು. ಅದೊಂದು ಕಪ್ಪು ಮಾಲಿ ಮೀನು. ದುಂಡುದುಂಡಗೆ, ಮಿರಮಿರ ಮಿನುಗುತ್ತ, ತವರುಮನೆಯಲ್ಲಿ ಇದ್ದಷ್ಟು ನಿರಾಳವಾಗಿತ್ತು.

ಮೀನು ಗಾಜಿನ ಉದ್ದಕ್ಕೂ ಈಜಿ ಸೋಫಾದ ಕಡೆಯ ಮೂಲೆಗೆ ಹೋಗಿ ಬಾಯಿ ತೆರೆದು ಮುಚ್ಚತೊಡಗಿತು.

"ಈಗಲ್ಲ ಪುಟ್ಟಿ" ಎಂದರು ಅತ್ತೆ, ಅಭ್ಯಾಸಬಲದಿಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಇನ್ಸ್‌ಪೆಕ್ಟರರ ಕೈಯ ಚಮಚ ಮೀನಿನ ಕಡೆ ತಿರುಗಿತು. "ಅತ್ತೆ, ಇದು ಏನು?"

"ಮೀನು."

"ಮೀನು ಅಂತ ನನಗೂ ಕಾಣುತ್ತೆ. ಇಲ್ಲಿಗೆ ಹೇಗೆ ಬಂತು?"

"ಊಟದ ಡಬ್ಬೀಲಿ" ಎಂದರು ಅತ್ತೆ. ತೊಟ್ಟಿ ತಂದು ನೀರು ತುಂಬಿಸಿದ ಎರಡನೆಯ ದಿನವೇ ಕೆಳಗಿನ ಮನೆಯಾಕೆ ಮೇಲೆ ಬಂದು ಕಷ್ಟ ಹೇಳಿಕೊಂಡರಂತೆ. ಮನೆಯ ಮೀನುಗಳೆಲ್ಲ ಹೋದವು, ಇದೊಂದು ಉಳಿದಿದೆ, ಇದಾದರೂ ಬದುಕಲಿ ಎಂದು ಮುಚ್ಚಳದ ಡಬ್ಬಿಯಲ್ಲಿ ತಂದಿದ್ದರಂತೆ. "ಅಷ್ಟು ದೊಡ್ಡ ತೊಟ್ಟಿ ಖಾಲಿ ಇಟ್ಕೊಂಡು, ಜಾಗ ಇಲ್ಲ ಅನ್ನೋಕಾಗುತ್ತಾ ಅಳಿಯಂದ್ರೇ? ಬಿಟ್ಟೆ."

ಬಾಗಿಲ ಬಳಿ ನಿಂತಿದ್ದಾಕೆ ಸೀಲಿಂಗ್ ಫ್ಯಾನು ನೋಡತೊಡಗಿದರು. ಅಷ್ಟರಲ್ಲಿ ಮ್ಯಾನೇಜರ್ರು ಗಾಜಿಗೆ ಮೂಗು ಒತ್ತಿ, "ಇದು ನಮ್ಮ ಕಾಡಿಗೆ" ಎಂದರು. ಕಪ್ಪಗಿದೆ ಎಂದು ಅವರೇ ಇಟ್ಟಿದ್ದ ಹೆಸರು. "ರೆಕ್ಕೆ ಹರಿದಿದೆ ನೋಡಿ, ಇದೇ ಗುರುತು. ಏನೇ, ಇದು ಸತ್ತೋಯ್ತು ಅಂದ್ಯಲ್ಲೇ? ನಾನು ಅವತ್ತು ಊಟ ಬಿಟ್ಟಿದ್ದೆ."

"ರಾತ್ರಿದು ಬಿಟ್ರಿ. ಮಧ್ಯಾಹ್ನದ್ದು ಎರಡು ಸಲ ಹಾಕಿಸ್ಕೊಂಡಿದ್ರಿ" ಎಂದರು ಅವರ ಹೆಂಡತಿ. "ಹೊತ್ತಿಗೊಂದು ಹಿಡಿ ತಿಂಡಿ ಸುರಿದು ಒಂದೊಂದನ್ನೇ ಕಳಿಸ್ತಿದ್ರಿ. ಹೇಳಿದ್ರೆ ಕೇಳೋರಾ ನೀವು? ಅದಕ್ಕೇ ಹೀಗೆ ಮಾಡ್ದೆ."

ಇತ್ತ ಇನ್ಸ್‌ಪೆಕ್ಟರರ ತಲೆಯಲ್ಲಿ ಹಳದಿ, ಹಸಿರು, ಹಳದಿ ಎಂದು ದೀಪಗಳು ಹತ್ತಿಕೊಳ್ಳುತ್ತಿದ್ದವು. ದಿನಾ ಉದುರಿಸಿದ ಚಿಟಿಕೆ ತಿಂಡಿ ಕೊಳೆತಿರಲಿಲ್ಲ. ಇವಳು ತಿಂದಿದ್ದಳು. ಹುಟ್ಟಿದ ವಿಷ ಇವಳದು, ದೊಡ್ಡ ತೊಟ್ಟಿಯಾದ್ದರಿಂದ ಅದು ಇವಳನ್ನು ಕೊಂದಿರಲಿಲ್ಲ. ಇವಳ ಗಲೀಜಿನ ಮೇಲೆ ಬೆಳೆದ ಸೂಕ್ಷ್ಮಜೀವಿಗಳನ್ನು ನಂಬಿಕೊಂಡು ತಾವು ಆಫೀಸಿನ ಕ್ಯಾಂಟೀನಿನಲ್ಲಿ, ಜನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುವವರೆಗೂ ವಿಜ್ಞಾನ ಬೋಧಿಸಿದ್ದರು.

ಅವರು ಹೆಂಡತಿಯ ಕಡೆ ತಿರುಗಿದರು. "ನಿನಗೂ ಗೊತ್ತಿತ್ತಾ?"

"ಕನ್ನಡಕದ ಅಂಗಡಿಯವಳು ರೀ ನಾನು. ಎದುರಿಗಿರೋದು ಕಾಣಲ್ವಾ?"

"ಮತ್ತೆ ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಇದ್ದೆ. ನೀವು ನಳಿಗೆ ಹಿಡ್ಕೊಂಡು ಮನೆ ತುಂಬ ಅಷ್ಟು ಖುಷಿಯಾಗಿ ಓಡಾಡ್ತಿದ್ರಿ. ಮನಸ್ಸು ಬರಲಿಲ್ಲ."

ಇದಂತೂ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ಕರುಣೆ ತೋರಿಸಿದ್ದಾಳೆ! ಇನ್ಸ್‌ಪೆಕ್ಟರರು ಚಮಚವನ್ನು ಕತ್ತಿಯಂತೆ ಎತ್ತಿ ಹಿಡಿದರು. "ನನ್ನ ಮನೆ, ನನ್ನ ತೊಟ್ಟಿ, ನನಗೇ ಹೇಳದೆ ಒಕ್ಕಲು ಇಟ್ಟಿದ್ದೀರಿ. ಪರೀಕ್ಷೆ ಇಲ್ಲ, ಅನುಮತಿ ಇಲ್ಲ. ಈ ಮೀನು ಈ ಕ್ಷಣ ಆಚೆ ಹೋಗಬೇಕು."

"ಧಾರಾಳವಾಗಿ" ಎಂದರು ಮ್ಯಾನೇಜರ್ರು, ತೋಳು ಮಡಿಸುತ್ತ. "ಒಂದು ಪಾತ್ರೆ ಕೊಡಿ. ನಮ್ಮದನ್ನ ನಾವು ತಗೊಂಡು ಹೋಗ್ತೀವಿ."

ಇನ್ಸ್‌ಪೆಕ್ಟರರು ನಿಂತಲ್ಲೇ ನಿಂತರು. ಮಾಲಿ ನೀರಿನ ಮೇಲ್ಗಡೆ ಬಂದು ಅವರನ್ನು ನೋಡಿತು. ಅಂಗಡಿಯಲ್ಲಿ ಅಷ್ಟು ಹುಡುಕಿದರೂ ಯಾವ ಮೀನೂ ಅವರನ್ನು ಹಾಗೆ ನೋಡಿರಲಿಲ್ಲ.

"ನಿಮ್ಮ ಮನೆಗಾ?" ಎಂದರು ನಿಧಾನವಾಗಿ.

"ಮತ್ತೆ?"

"ಇಷ್ಟು ದಿನ ನನ್ನ ನೀರಲ್ಲಿ ಬೆಳೆದ ಮೀನನ್ನ ನಿಮ್ಮ ಆ ಛತ್ರಕ್ಕೆ ಕಳಿಸ್ಲಾ? ಸಾಯೋಕಾ?"

"ಈಗ ತಾನೇ ಆಚೆ ಹೋಗಬೇಕು ಅಂದ್ರಿ."

"ಅದು ನಾನೂ ಅದೂ ಮಾತಾಡ್ಕೊಳ್ಳೋ ವಿಷಯ. ನಿಮಗೆ ಯಾಕೆ?"

"ಸಾಹೇಬ್ರೇ, ಮೀನು ನಮ್ಮದು."

"ಸತ್ತೋಯ್ತು ಅಂತ ಒಪ್ಕೊಂಡು ಊಟ ಬಿಟ್ಟವರು ನೀವು. ಆಮೇಲಿನ ಆಯುಷ್ಯ ನನ್ನದು."

"ಬಚ್ಚಿಟ್ಟ ಮಾಲು ನಿಮ್ಮದಾಗುತ್ತೇನ್ರೀ?"

"ಕೈಯಾರೆ ತಿಂಡಿ ಹಾಕಿದವನು ನಾನು."

"ಮೀನಿದೆ ಅಂತಲೇ ಗೊತ್ತಿರಲಿಲ್ಲ ನಿಮಗೆ."

"ಗೊತ್ತಿಲ್ಲದೇನೇ ಇಷ್ಟು ಚೆನ್ನಾಗಿ ಸಾಕಿದೀನಿ. ನೀವು ಗೊತ್ತಿದ್ದೂ ಕೊಂದ್ರಿ."

ಇಂಥ ಮಾತಿಗೆ ಸುಮ್ಮನಾಗುವ ಜಾತಿಯಲ್ಲ ಮ್ಯಾನೇಜರ್ರದು. ದನಿ ಏರಿತು. ಮೇಲಿನ ಮನೆಯವರು ಬಗ್ಗಿ ನೋಡಿದರು. ಹೆಂಡಂದಿರಿಬ್ಬರೂ ಅಡಿಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು.

"ಅಳಿಯಂದ್ರೇ" ಎಂದರು ಅತ್ತೆ.

"ಒಂದು ನಿಮಿಷ ಅತ್ತೆ. ಮ್ಯಾನೇಜರ್ರೇ, ನಿಮಗೆ ನ್ಯಾಯ ಅನ್ನೋದು—"

"ಅಳಿಯಂದ್ರೇ, ನಿಮ್ಮ ಮೀನು ಇಳಿದಾಯ್ತು."

ಇಬ್ಬರೂ ತಿರುಗಿ ನೋಡಿದರು. ಮಾಲಿ ತಿವಿದು ತಿವಿದು ಚೀಲ ಮಗುಚಿತ್ತು. ಕಿತ್ತಳೆ ಪ್ಲಾಟಿ, ಅಂಗಡಿಯ ಸಾಲುಸಾಲು ಮೀನುಗಳಲ್ಲಿ ಹುಡುಕಿ ಹುಡುಕಿ ಆರಿಸಿದ ಆ ಮೊದಲ ಮೀನು, ಯಾವ ಭಾಷಣವೂ ಇಲ್ಲದೆ, ಯಾರೂ ನೋಡದಿರುವಾಗ, ಎರಡನೆಯದಾಗಿ ನೀರಿಗೆ ಇಳಿದು ಮಾಲಿಯ ಹಿಂದೆ ಹಿಂದೆ ಈಜುತ್ತಿತ್ತು. ಖಾಲಿ ಚೀಲ ಒಂದು ಮೂಲೆಯಲ್ಲಿ ತೇಲುತ್ತಿತ್ತು.

ಚಹಾ ಬಂತು. ಅದನ್ನು ಕುಡಿಯುತ್ತ ಮ್ಯಾನೇಜರ್ರು ಒಂದು ರಾಜಿಗೆ ಬಂದರು: ಕಾಡಿಗೆ ಇಲ್ಲೇ ಇರಲಿ, ಆದರೆ ತಾವು ದಿನಾ ಸಂಜೆ ಬಂದು ನೋಡುವುದಕ್ಕೆ ಯಾರೂ ಅಡ್ಡಿ ಮಾಡಕೂಡದು. ಇನ್ಸ್‌ಪೆಕ್ಟರರು ತಮ್ಮ ಷರತ್ತು ಹಾಕಿದರು: ಬರಲಿ, ಆದರೆ ಬರುವಾಗ ಜೇಬಿನಲ್ಲಿ ತಿಂಡಿ ತರಕೂಡದು.

ಮರುದಿನ ಸಂಜೆ ಆಫೀಸಿನಿಂದ ಬಂದ ಇನ್ಸ್‌ಪೆಕ್ಟರರು ಬಟ್ಟೆಯನ್ನೂ ಬದಲಿಸದೆ ತೊಟ್ಟಿಯ ಮುಂದೆ ಕೂತರು. ಎರಡೂ ಮೀನುಗಳು ಬೊಡ್ಡೆಯ ಹಿಂದೆ ಸೇರಿಕೊಂಡವು. ಅತ್ತೆ ಹಾಲಿನಲ್ಲಿರಲಿಲ್ಲ. ಇನ್ಸ್‌ಪೆಕ್ಟರರು ಆಚೀಚೆ ನೋಡಿ, ದನಿ ತಗ್ಗಿಸಿ, "ಬಾರೇ ಪುಟ್ಟಿ" ಎಂದರು. ಏನೂ ಆಗಲಿಲ್ಲ. "ಪುಟ್ಟಿ, ನೋಡಿಲ್ಲಿ, ನಾನು" ಎಂದರು.

"ಕಾಡಿಗೆ ಅಂತ ಕರೀರಿ ಸಾಹೇಬ್ರೇ" ಎಂಬ ದನಿ ಬೆನ್ನ ಹಿಂದೆ ಕೇಳಿತು. ಮ್ಯಾನೇಜರ್ರು ಬಂದು ನಿಂತಿದ್ದರು.

"ನಿಮ್ಮ ಮಾತು ಕೇಳ್ತಿತ್ತಾ?"

"ಇಲ್ಲ" ಎಂದು ಮ್ಯಾನೇಜರ್ರು ಪಕ್ಕದಲ್ಲೇ ಕೂತರು.

ಇಬ್ಬರೂ ಸರದಿಯಂತೆ ಕರೆದರು. ಗಾಜಿನ ಮೇಲೆ ಬೆರಳಾಡಿಸಿದರು. ಮ್ಯಾನೇಜರ್ರು ಸಿಳ್ಳೆ ಹೊಡೆದರು. ನಾಯಿಯಲ್ಲ ಅದು ಎಂದು ಇನ್ಸ್‌ಪೆಕ್ಟರರು ಸಿಡುಕಿದರು. ಆಗ ಒಳಗಿನಿಂದ ಅತ್ತೆ ಕೋಲೂರಿಕೊಂಡು ಬಂದು, ಒಂದು ಮಾತೂ ಆಡದೆ ಸೋಫಾದಲ್ಲಿ ಕೂತರು. ಮಾಲಿ ಬೊಡ್ಡೆಯ ಹಿಂದಿನಿಂದ ಹೊರಬಂತು. ಅದರ ಹಿಂದೆ ಪ್ಲಾಟಿ. ಎರಡೂ ಸೋಫಾದ ಕಡೆಯ ಗಾಜಿಗೆ ಬಂದು, ಅಕ್ಕಪಕ್ಕ ನಿಂತು, ಹೊರಗೆ ನೋಡತೊಡಗಿದವು.

"ನೋಡಿದ್ರಾ ಮ್ಯಾನೇಜರ್ರೇ" ಎನ್ನುತ್ತ ಇನ್ಸ್‌ಪೆಕ್ಟರರು ಮುಖ ಅರಳಿಸಿದರು. "ನನ್ನನ್ನೇ ನೋಡ್ತಿವೆ."

"ಛೇ, ನನ್ನನ್ನ" ಎಂದರು ಮ್ಯಾನೇಜರ್ರು.

ಅತ್ತೆ ರಿಮೋಟು ಎತ್ತಿಕೊಂಡು, "ನೀವಿಬ್ಬರೂ ಸ್ವಲ್ಪ ಆ ಕಡೆ ಸರಕೊಳ್ಳಿ" ಎಂದರು. "ಅವಕ್ಕೆ ಟಿವಿ ಕಾಣ್ತಿಲ್ಲ."