ಹಸಿರು-ಬಿಳಿ ಪಟ್ಟೆಯ ಅನಧಿಕೃತ ಮಫ್ಲರ್ ಕುರಿತು

ಕ್ರೀಡಾ ಸರಕುಗಳ ಮಳಿಗೆ
ಪರವಾನಗಿ ರಕ್ಷಣಾ ವಿಭಾಗ

ಸುತ್ತೋಲೆ ಸಂಖ್ಯೆ: ಪರವಿ/ಪಟ್ಟೆ/ಅಜ್ಜಿ/4

ವಿಷಯ: ಕ್ಯಾಷಿಯರ್ ಕುತ್ತಿಗೆಯಲ್ಲಿ ಕಂಡುಬಂದ ಮಫ್ಲರ್.

ಉಲ್ಲೇಖ: 1. ಫುಟ್‌ಬಾಲ್ ತಂಡದೊಂದಿಗಿನ ಏಕಸ್ವಾಮ್ಯ ಒಪ್ಪಂದ. 2. ಎದುರಂಗಡಿಯವರ ನಗು.

ತಂಡದ ಹಸಿರು-ಬಿಳಿ ಪಟ್ಟೆಯ ಮಾಲನ್ನು ಮಾರುವ ಹಕ್ಕು ಈ ಮಳಿಗೆಗೆ ಮಾತ್ರ ಇರುತ್ತದೆ. ಎದುರಂಗಡಿ ಅಗ್ಗವಾದರೂ ಗಿರಾಕಿಗಳು ರಸ್ತೆ ದಾಟಿ ನಮ್ಮಲ್ಲಿಗೇ ಬರಲು ಇದೊಂದೇ ಕಾರಣ. ಗುಣಮಟ್ಟವಲ್ಲ ಎಂಬುದನ್ನು ವ್ಯವಸ್ಥಾಪಕರು ಬಲ್ಲರು. ಹೀಗಿರುವಾಗ ಕ್ಯಾಷಿಯರ್ ತನ್ನ ಅಜ್ಜಿ ಹೆಣೆದ ಅದೇ ಪಟ್ಟೆಯ ಮಫ್ಲರ್ ಸುತ್ತಿಕೊಂಡು ಬಂದಿದ್ದು, ಪ್ರಚಾರಕ್ಕೆ ಬಂದಿದ್ದ ತಂಡದ ನಾಯಕರೇ ಅದನ್ನು ಮುಟ್ಟಿ, "ಇದು ನಿಮ್ದರ ಥರ ಚುಚ್ಚಲ್ಲ ಕಣ್ರೀ" ಎಂದಿರುತ್ತಾರೆ. ವ್ಯವಸ್ಥಾಪಕರಿಗೆ ಹೊಟ್ಟೆ ಉರಿದಿರುತ್ತದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಹಸಿರು ಅಂಗಿಯವರು ಬಿಳಿ ಅಂಗಿಯವರ ಪಕ್ಕ ನಿಲ್ಲತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ನಡುವೆ ಒಬ್ಬ ಕಂದು ಅಂಗಿಯವರನ್ನು ನಿಲ್ಲಿಸತಕ್ಕದ್ದು.

2. ಡಬ್ಬಿಯಲ್ಲಿ ಸೌತೆಕಾಯಿ ತರುವವರು ಸಿಪ್ಪೆ ಪೂರ್ತಿ ತೆಗೆದಿರತಕ್ಕದ್ದು. ಅಲ್ಲಲ್ಲಿ ಹೆರೆದು ಪಟ್ಟೆ ಮೂಡಿಸುವುದು ಒಪ್ಪಂದದ ಉಲ್ಲಂಘನೆ. ಈಗಾಗಲೇ ತಿಂದವರು ಲಿಖಿತ ವಿವರಣೆ ನೀಡತಕ್ಕದ್ದು.

3. ಸದರಿ ಅಜ್ಜಿಯನ್ನು 'ಪ್ರತಿಸ್ಪರ್ಧಿ ಉತ್ಪಾದನಾ ಘಟಕ' ಎಂದು ಪರಿಗಣಿಸಲಾಗಿದೆ. ಘಟಕವು ಮಧ್ಯಾಹ್ನ ತೂಕಡಿಸುವ ಅವಧಿಯಲ್ಲಿ ಮಾತ್ರ ಮಾರುಕಟ್ಟೆ ಸುರಕ್ಷಿತ.

4. ಮೊಮ್ಮಗಳನ್ನು ಅಮಾನತುಗೊಳಿಸಲಾಗಿದೆ. ಅದನ್ನು ಕೇಳಲು ಬಂದ ಅಜ್ಜಿ ಪ್ರದರ್ಶನದ ಕುರ್ಚಿಯಲ್ಲಿ ಕೂತಾಗ, ಅದು ಪರವಾನಗಿ ಪಡೆದ ಕುರ್ಚಿಯೆಂದು ಅವರನ್ನು ಎಬ್ಬಿಸಿದ ಕಾವಲುಗಾರರ ನಿಷ್ಠೆಯನ್ನು ಮೆಚ್ಚಲಾಗಿದೆ.

ತಿದ್ದುಪಡಿ (ಸುತ್ತೋಲೆ ಅಂಟಿಸುವಷ್ಟರಲ್ಲಿ): ಅಜ್ಜಿಯ ಮಫ್ಲರ್ ಒಂದೇ ಇನ್ನು ಅಧಿಕೃತವೆಂದೂ, ಅಜ್ಜಿ ಒಪ್ಪಿದ ಅಂಗಡಿಗೇ ತಂಡದ ಪೂರ್ತಿ ಪರವಾನಗಿಯೆಂದೂ ತಂಡದವರು ತಿಳಿಸಿರುತ್ತಾರೆ. ಅಜ್ಜಿ ಎದುರಂಗಡಿಯನ್ನು ಒಪ್ಪಿರುತ್ತಾರೆ. ಕಾರಣ ಅವರ ಮಾತಿನಲ್ಲೇ: "ಅಲ್ಲಿ, 'ಕೂತ್ಕೊಳ್ಳಮ್ಮ' ಅಂದ್ರು. ಮೊಮ್ಮಗಳಿಗೆ ಕೆಲ್ಸಾನೂ ಕೊಟ್ರು."

ಆದ್ದರಿಂದ ಕಲಂ 1ರಿಂದ 4 ರದ್ದಾಗಿವೆ. ನಮ್ಮ ಕಪಾಟಿನ ಮಾಲೆಲ್ಲ ಅನಧಿಕೃತವಾದ ಕಾರಣ ಅದಕ್ಕೆ ಬಟ್ಟೆ ಮುಚ್ಚತಕ್ಕದ್ದು. ಸೌತೆಕಾಯಿಯನ್ನು ಇಷ್ಟ ಬಂದಂತೆ ಹೆರೆಯಬಹುದು.

ಸಹಿ/-
ವ್ಯವಸ್ಥಾಪಕರು (ಸದ್ಯಕ್ಕೆ)

ಪ್ರತಿಗಳು:
1. ಕಾವಲುಗಾರರಿಗೆ: ಮೆಚ್ಚುಗೆಯನ್ನು ಹಿಂದಿರುಗಿಸಲು.
2. ಎದುರಂಗಡಿಯವರಿಗೆ: ನಗುವನ್ನು ಸ್ವಲ್ಪ ತಗ್ಗಿಸಲು ಕೋರಿ.
3. ಅಜ್ಜಿಗೆ: ಕುರ್ಚಿ ಸಮೇತ.
4. ಮಾಜಿ ಕ್ಯಾಷಿಯರ್‌ಗೆ: ಎದುರಂಗಡಿಯಲ್ಲಿ ವ್ಯವಸ್ಥಾಪಕರ ಹುದ್ದೆ ಖಾಲಿ ಇದೆಯೇ ಎಂದು ವಿಚಾರಿಸಿ ತಿಳಿಸಲು.